ಹೋರಿಯ ವೀರ್ಯದಂತೆ ಹುಂಜದ ವೀರ್ಯವನ್ನೂ ನೈಟ್ರೋಜನ್ ಕ್ಯಾನಿನಲ್ಲಿ ಇಡಬಹುದೇ?

ಪ್ರಶ್ನೆ (ನಾಟಿಕೋಳಿ ಸಾಕಣೆದಾರ, ಕೋಲಾರ):
ನಮ್ಮಲ್ಲಿರುವ ಹಳೆಯ ಅಸೀಲ್ ತಳಿಯ ಹುಂಜದ ಮೈಕಟ್ಟು ಬೇರೆ ಯಾವ ಹುಂಜಕ್ಕೂ ಬಂದಿಲ್ಲ. ಆದರೆ ಕಾಲು ಸೋತಿರುವುದರಿಂದ ಅದು ಈಗ ಹೇಂಟೆಗಳನ್ನು ಕೂಡಲಾರದು. ಅದರ ವೀರ್ಯವನ್ನು ಘನೀಕರಿಸಿ ವರ್ಷಗಟ್ಟಲೆ ಇಡಲು ಸಾಧ್ಯವೇ? ಎರಡು ಗಂಟೆಯ ದಾರಿಯಲ್ಲಿರುವ ಅಕ್ಕನ ಮನೆಯ ಹೇಂಟೆಗಳಿಗೂ ಅದನ್ನು ಬಳಸುವ ಆಸೆಯಿದೆ.

ಉತ್ತರ 1 (ಪಶುವೈದ್ಯ):
ಪ್ರಯೋಗಾಲಯದಲ್ಲಿ ಸಾಧ್ಯ, ಮನೆಯಲ್ಲಿ ಸಾಧ್ಯವಿಲ್ಲ. ಘನೀಕರಣದಲ್ಲಿ ವೀರ್ಯಾಣುಗಳನ್ನು ಗ್ಲಿಸರಾಲ್ ಕಾಪಾಡುತ್ತದೆಂಬುದನ್ನು ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ 1949ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದು ಹುಂಜದ ವೀರ್ಯದ ಪ್ರಯೋಗಗಳಿಂದಲೇ. ಆದರೂ ಅದರ ಪೂರ್ಣ ಲಾಭ ದಕ್ಕಿದ್ದು ಹೋರಿಗೆ. ಕರಗಿಸಿದ ವೀರ್ಯದಲ್ಲಿ ಶೇಕಡಾ ಒಂದೆರಡರಷ್ಟು ಗ್ಲಿಸರಾಲ್ ಉಳಿದರೂ ಹೇಂಟೆಯಲ್ಲಿ ಅದು ಗರ್ಭನಿರೋಧಕದಂತೆ ವರ್ತಿಸುವುದರಿಂದ, ಬಳಸುವ ಮೊದಲು ಸುಮಾರು 5 ಡಿಗ್ರಿ ತಂಪಿನಲ್ಲಿ ಹಂತಹಂತವಾಗಿ ದ್ರಾವಣ ಬೆರೆಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಅದನ್ನು ತೆಗೆದುಹಾಕಬೇಕಾಗುತ್ತದೆ. ಗ್ಲಿಸರಾಲ್ ಬದಲು ಡೈಮೀಥೈಲ್ ಅಸಿಟಮೈಡ್ ಎಂಬ ರಾಸಾಯನಿಕ ಬಳಸಿದರೆ ಈ ತೊಡಕು ತಪ್ಪುತ್ತದೆ, ಆದರೆ ಫಲಿತಾಂಶ ತಳಿಯಿಂದ ತಳಿಗೆ, ಹುಂಜದಿಂದ ಹುಂಜಕ್ಕೆ ಬಹಳ ಬದಲಾಗುತ್ತದೆ. ಇದಲ್ಲದೆ ಹುಂಜದ ವೀರ್ಯಾಣು ದಾರದಂತೆ ಉದ್ದ ಮತ್ತು ಸಪೂರವಾಗಿದ್ದು, ಅದರ ಪೊರೆಯಲ್ಲಿ ಬೇಗ ಕೆಡುವ ಕೊಬ್ಬಿನಾಮ್ಲಗಳು ಹೆಚ್ಚಿರುವುದರಿಂದ ಘನೀಕರಣದ ಪೆಟ್ಟನ್ನು ತಾಳುವುದು ಕಷ್ಟ.

ಅಕ್ಕನ ಮನೆಗೆ ಹುಂಜವನ್ನೇ ಬುಟ್ಟಿಯಲ್ಲಿ ಒಯ್ಯುವುದು ಇದಕ್ಕಿಂತ ಸುಲಭವಲ್ಲವೇ?

ಪ್ರಶ್ನೆ ಕೇಳಿದವರು:
ಸುಲಭವೇನೋ ಹೌದು ಸರ್, ಆದರೆ ಅಲ್ಲಿ ಇತ್ತೀಚೆಗೆ ಕೊಕ್ಕರೆ ರೋಗ (ಕೋಳಿಗಳ ರಾಣಿಖೇತ್ ಅಂಟುರೋಗ) ಕಾಣಿಸಿಕೊಂಡಿದ್ದರಿಂದ ಹುಂಜವನ್ನು ಕಳುಹಿಸಲು ಧೈರ್ಯವಿಲ್ಲ.

ಉತ್ತರ 2 (ಮರಿಕೇಂದ್ರ ನಡೆಸುವವರು):
ಹಾಗಾದರೆ ತಂಪಿನಲ್ಲಿ ಒಯ್ಯಬಹುದು. ಮಾಮೂಲಿ ಸಲೈನ್ ಬೆರೆಸಿದ ವೀರ್ಯವನ್ನು ಅರ್ಧ ಗಂಟೆಯೊಳಗೆ ಬಳಸಿ ಮುಗಿಸಬೇಕು. ಎರಡು ಗಂಟೆಯ ದಾರಿಗೆ ಕೋಳಿ ವೀರ್ಯಕ್ಕೆಂದೇ ತಯಾರಿಸಿದ ಬಫರ್ ದ್ರಾವಣ (ಆಮ್ಲ-ಕ್ಷಾರದ ಮಟ್ಟ ಏರುಪೇರಾಗದಂತೆ ಕಾಯುವ ದ್ರಾವಣ) ಬೇಕು. ಬೆಲ್ಟ್ಸ್‌ವಿಲ್ ದ್ರಾವಣ ಅಂಥದ್ದೊಂದು. 5 ಡಿಗ್ರಿಯಷ್ಟು ತಂಪಿನಲ್ಲಿಡಿ, ಆದರೆ ಕೊಳವೆ ಮಂಜುಗಡ್ಡೆಗೆ ನೇರವಾಗಿ ತಾಗಬಾರದು. ಹಿಂದಿರುಗಿದ ಮೇಲೆ ಕೈಕಾಲು ತೊಳೆದು ಬಟ್ಟೆ ಬದಲಿಸದೆ ನಿಮ್ಮ ಕೋಳಿಗಳ ಹತ್ತಿರ ಹೋಗಬೇಡಿ. ರೋಗ ಮನುಷ್ಯರ ಮೂಲಕವೂ ಬರುತ್ತದೆ.

ಬೆನ್ನು ಮತ್ತು ಹೊಟ್ಟೆಯನ್ನು ನೀವಿ ವೀರ್ಯ ತೆಗೆಯುವ ಕ್ರಮವನ್ನು ಅನುಭವಸ್ಥರಿಂದಲೇ ಕಲಿಯಿರಿ. ಹಿಕ್ಕೆ ಬೆರೆತರೆ ವೀರ್ಯ ಕೆಟ್ಟಂತೆಯೇ, ಆದ್ದರಿಂದ ಕೆಲವು ಗಂಟೆ ಮೊದಲೇ ಮೇವು ತೆಗೆದಿಡಿ. ಹೇಂಟೆಗಳಿಗೆ ವೀರ್ಯವನ್ನು ಮಧ್ಯಾಹ್ನ ಮೂರರ ನಂತರ, ಮೊಟ್ಟೆಯಿಟ್ಟಾದ ಮೇಲೆ ಕೊಡುವುದು ಒಳ್ಳೆಯದು, ಏಕೆಂದರೆ ಒಳಗೆ ಗಟ್ಟಿ ಮೊಟ್ಟೆಯಿದ್ದಾಗ ಫಲ ಕಡಿಮೆ. ಒಂದು ಹೇಂಟೆಗೆ ಸುಮಾರು 10 ಕೋಟಿ ವೀರ್ಯಾಣು ಸಾಕು. ಹೇಂಟೆಯ ದೇಹದಲ್ಲಿಯೇ ಅವುಗಳನ್ನು ಕೂಡಿಡುವ ಸೂಕ್ಷ್ಮ ನಾಳಗಳಿರುವುದರಿಂದ ವಾರಕ್ಕೊಮ್ಮೆ ಕೊಟ್ಟರೆ ನಡೆಯುತ್ತದೆ.

ಉತ್ತರ 1 (ಮತ್ತೆ):
ಒಂದು ಸೇರ್ಪಡೆ. ಹಕ್ಕಿಗಳಲ್ಲಿ ಹೆಣ್ಣಿಗೆ ಮಾತ್ರ ಇರುವ ಡಬ್ಲ್ಯೂ ವರ್ಣತಂತು (ವಂಶವಾಹಿಗಳನ್ನು ಹೊತ್ತ ಎಳೆ) ವೀರ್ಯದಲ್ಲಿ ಇರುವುದೇ ಇಲ್ಲ. ಆದ್ದರಿಂದ ವೀರ್ಯವನ್ನು ಎಷ್ಟೇ ಚೆನ್ನಾಗಿ ಕಾದಿಟ್ಟರೂ ತಳಿ ಪೂರ್ತಿಯಾಗಿ ಉಳಿದಂತಲ್ಲ. ಮೊದಲು ಆ ಹುಂಜದ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಚಲನೆ ಚೆನ್ನಾಗಿದ್ದರೆ ಈ ಋತುವಿನಲ್ಲಿಯೇ ನಿಮ್ಮ ಒಳ್ಳೆಯ ಅಸೀಲ್ ಹೇಂಟೆಗಳಿಗೆ ಕೊಟ್ಟು ಗಂಡುಮರಿಗಳನ್ನು ಉಳಿಸಿಕೊಳ್ಳಿ. ವೀರ್ಯ ಕೊಟ್ಟ ಮರುದಿನದ ಮೊಟ್ಟೆಯನ್ನು ಬಿಟ್ಟು, ಅದರ ನಂತರದವನ್ನು ಕಾವಿಗೆ ಇಡಿ.