ಮೈನಸ್ ಚಳಿಯಲ್ಲಿ ಕಯೋಟಿ ಬೇಟೆ: ಪೀಪಿ ಕಟ್ಟಿಕೊಳ್ಳುತ್ತದೆ, ಪ್ರಾಣಿ ದೂರದಲ್ಲೇ ನಿಂತುಬಿಡುತ್ತದೆ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿನಿಯಾಪೊಲಿಸ್‌ನಲ್ಲಿ. ಜನವರಿ ಕೊನೆಗೆ ಆಫೀಸಿನ ಇಬ್ಬರು ಗೆಳೆಯರ ಜೊತೆ ಸೌತ್ ಡಕೋಟಾ ಗಡಿಯ ಕಡೆಗೆ ಕಯೋಟಿ (ತೋಳದ ಜಾತಿಯ, ಅದಕ್ಕಿಂತ ಸಣ್ಣ ಕಾಡುಪ್ರಾಣಿ) ಬೇಟೆಗೆ ಹೋಗಿದ್ದೆ. ಅವರಿಬ್ಬರೂ ಇಲ್ಲೇ ಹುಟ್ಟಿ ಬೆಳೆದವರು, ಜಿಂಕೆ ಮತ್ತು ಬಾತುಕೋಳಿ ಬೇಟೆಯಲ್ಲಿ ಪಳಗಿದವರು. ಆದರೆ ಪೀಪಿ ಊದಿ ಪ್ರಾಣಿಯನ್ನು ಹತ್ತಿರಕ್ಕೆ ಕರೆಯುವ ಬೇಟೆ ಮೂವರಿಗೂ ಹೊಸದು. ಜಮೀನಿನ ಯಜಮಾನರು ದನ ಸಾಕುವವರು. ಕರು ಹಾಕುವ ಕಾಲ ಹತ್ತಿರ ಬಂತು, ಕಯೋಟಿಯಿಂದ ಕರುಗಳಿಗೆ ಅಪಾಯ, ಧಾರಾಳವಾಗಿ ಬನ್ನಿ ಅಂದರು.

ಬೆಳಿಗ್ಗೆ ಮೈನಸ್ 22 ಡಿಗ್ರಿ ಸೆಲ್ಸಿಯಸ್. ಬೆಳಕು ಹರಿಯುವ ಮುಂಚೆ ಎರಡು ಕಡೆಯಿಂದ ಊಳಿಡುವುದು ಕೇಳಿಸಿತು. ಅಂದರೆ ಪ್ರಾಣಿ ಇದೆ. ಆದರೂ ಬರಿಗೈಯಲ್ಲಿ ವಾಪಸ್.

ಮೊದಲು ಪೀಪಿಯ ಕಥೆ. ಮೊಲದ ಚೀರಾಟ ಹೊರಡಿಸುವಂಥದ್ದು, ರೀಡ್ (ಊದಿದಾಗ ಅದುರಿ ಸದ್ದು ಮಾಡುವ ತೆಳು ಪಟ್ಟಿ) ಒಳಗೆ ಮುಚ್ಚಿರುತ್ತದೆ. ಎರಡು ನಿಮಿಷ ಚೆನ್ನಾಗಿ ಕೂಗಿತು, ಆಮೇಲೆ ಬರೀ ಉಸಿರಿನ ಸದ್ದು. ಜೇಬಿನಲ್ಲಿ ಇಟ್ಟು ತೆಗೆದರೆ ಮತ್ತೆ ಸ್ವಲ್ಪ ಹೊತ್ತು ಸರಿ. ಬೇಜಾರಾಗಿ ಎಲೆಕ್ಟ್ರಾನಿಕ್ ಸ್ಪೀಕರ್ ಹಾಕಿದೆವು. ಎದುರಿನ ದಿಬ್ಬದ ಮೇಲೆ ಒಂದು ಕಯೋಟಿ ಬಂತು, ಸುಮಾರು 400 ಗಜ. ಕೂತು ನೋಡಿತು. ಗೆಳೆಯ ಟ್ರಿಗರ್ ಎಳೆದ, ಪಾಯಿಂಟ್ 223 ರೈಫಲ್ 'ಟಿಕ್' ಅಂದು ಸುಮ್ಮನಾಯಿತು. ತೋಟಾ ತೆಗೆದು ನೋಡಿದರೆ ಪ್ರೈಮರ್ (ಏಟು ಬಿದ್ದಾಗ ಕಿಡಿ ಹೊತ್ತಿಸುವ, ತೋಟಾದ ಹಿಂಬದಿಯ ಬಿಲ್ಲೆ) ಮೇಲೆ ಸಣ್ಣ ಗುಳಿ ಅಷ್ಟೇ. ಅಷ್ಟರಲ್ಲಿ ಕಯೋಟಿ ಪಕ್ಕಕ್ಕೆ ನಡೆದು ಹಳ್ಳಕ್ಕೆ ಇಳಿದು ಮಾಯ. ಉಳಿದ ಜಾಗಗಳಲ್ಲಿ ಅಷ್ಟೂ ಕಾಣಲಿಲ್ಲ. ಎಲ್ಲಿ ತಪ್ಪುತ್ತಿದೆ?

ಚಳಿಜ್ವರ:

ಗಾಳಿ ಯಾವ ಕಡೆಯಿಂದ ಇತ್ತು, ನಿಮ್ಮ ಮುಖ ಯಾವ ಕಡೆಗಿತ್ತು? ಒಂದು ಜಾಗದಲ್ಲಿ ಎಷ್ಟು ಹೊತ್ತು ಕೂತಿರಿ? ಗಾಡಿ ಎಲ್ಲಿತ್ತು? ಇಷ್ಟು ಹೇಳದೆ ಉತ್ತರ ಕೊಡುವುದು ಕಷ್ಟ.

ತುಂಗಾತೀರ:

ಗಾಳಿ ನೇರ ಮುಖಕ್ಕೆ. ಜಿಂಕೆಗೆ ಹಾಗೇ ಕೂರುವುದು ಅಲ್ವಾ? ಸ್ಪೀಕರ್ ಎದುರಿಗೆ 100 ಗಜ ದೂರದಲ್ಲಿ, ವಾಲ್ಯೂಮ್ ಪೂರ್ತಿ. ಬೆನ್ನ ಹಿಂದೆ ಗಾಳಿ ತಡೆಯಲು ಬೆಳೆಸಿದ ಮರಗಳ ಸಾಲು, ಅದರಾಚೆ ಹುಲ್ಲು ತುಂಬಿದ ಹಳ್ಳ. ಹತ್ತು ನಿಮಿಷಕ್ಕೆ ಎದ್ದುಬಿಡುತ್ತಿದ್ದೆವು, ಕಾಲಿನ ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಗಾಡಿ ಮಣ್ಣುರಸ್ತೆಯ ಬದಿಯಲ್ಲೇ.

ಬಯಲುಗಾಳಿ:

ಪೀಪಿಯದು ಸಣ್ಣ ತೊಂದರೆ, ಅದನ್ನು ಮೊದಲು ಮುಗಿಸೋಣ. ಉಸಿರಿನ ತೇವ ರೀಡಿನ ಮೇಲೆ ಕೂತು ಹೆಪ್ಪುಗಟ್ಟುತ್ತದೆ. ತೆಳುವಾಗಿ ಐಸ್ ಕಟ್ಟಿದರೂ ಸಾಕು, ರೀಡ್ ಅಲುಗುವುದಿಲ್ಲ. ಮುಚ್ಚಿದ ರೀಡಿಗೆ ಈ ಕಾಟ ಜಾಸ್ತಿ, ಒಳಗೆ ಕೈ ಹಾಕಿ ಒರೆಸಲು ಆಗುವುದಿಲ್ಲವಲ್ಲ. ಎರಡು ಪೀಪಿ ಇಟ್ಟುಕೊಳ್ಳಿ. ದಾರ ಕಟ್ಟಿ ಕೊರಳಿಗೆ ಹಾಕಿ ಅಂಗಿಯೊಳಗೆ ಬಿಡಿ. ಒಂದನ್ನು ಊದುವಾಗ ಇನ್ನೊಂದು ಬೆಚ್ಚಗಿರಲಿ. ಊದಿದ ತಕ್ಷಣ ಜೋರಾಗಿ ಕೊಡವಿ. ತೆರೆದ ರೀಡಿನ ಪೀಪಿಯಾದರೆ ಬೆರಳಿನಲ್ಲೇ ಒರೆಸಬಹುದು, ಆದರೆ ಊದುವುದನ್ನು ಕಲಿಯಲು ಸಮಯ ಹಿಡಿಯುತ್ತದೆ. ಅಂಗುಳಕ್ಕೆ ಅಂಟಿಸಿಕೊಳ್ಳುವ ಡಯಾಫ್ರಮ್ ಪೀಪಿ ಬಾಯೊಳಗೇ ಇರುವುದರಿಂದ ಹೆಪ್ಪುಗಟ್ಟುವ ಮಾತೇ ಇಲ್ಲ, ಕೈಯೂ ಖಾಲಿ ಇರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಅಭ್ಯಾಸ ಮಾಡಿ, ಕೇಳುವಂಥ ಸದ್ದಲ್ಲ ಅದು.

ನಿಜವಾದ ತೊಂದರೆ ನೀವು ಕೂತ ರೀತಿಯದು. ಜಿಂಕೆ ತನ್ನ ಪಾಡಿಗೆ ತಾನು ನಡೆದು ಬರುತ್ತದೆ. ಕಯೋಟಿ ಸದ್ದನ್ನೇ ಹುಡುಕಿಕೊಂಡು ಬರುತ್ತದೆ, ಆದರೆ ಕಿವಿಯೊಂದನ್ನೇ ನಂಬುವುದಿಲ್ಲ. ಸುತ್ತು ಹಾಕಿ, ಗಾಳಿ ಹೋಗುವ ಕಡೆಗೆ ಬಂದು, ಮೂಸಿ ನೋಡಿದ ಮೇಲೇ ಮುಂದಿನ ಹೆಜ್ಜೆ. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿದ್ದರೆ ಅದು ಮೂಸಲು ಬರುವ ಜಾಗ ನಿಮ್ಮ ಬೆನ್ನ ಹಿಂದೆ. ನಿಮಗೆ ಅಲ್ಲಿದ್ದದ್ದು ಮರದ ಸಾಲು ಮತ್ತು ಹಳ್ಳ, ಅಂದರೆ ಮರೆಯಾಗಿ ಬರಲು ಅದಕ್ಕೆ ಬೇಕಾದದ್ದೆಲ್ಲ. ನೀವು ಮೂವರೂ ಖಾಲಿ ಬಯಲು ನೋಡುತ್ತ ಕೂತಿದ್ದಿರಿ. ದಿಬ್ಬದ ಮೇಲಿನದು ಹಳ್ಳಕ್ಕೆ ಇಳಿಯಿತು ಅಂದಿರಲ್ಲ, ಅದು ಹೆದರಿ ಹೋದದ್ದಲ್ಲ, ಹಿಂದಿನಿಂದ ಬರಲು ಹೊರಟದ್ದು ಅಂತ ನನ್ನ ಅನಿಸಿಕೆ.

ನನ್ನ ಮಾತು ನಂಬಬೇಡಿ, ಹಿಮ ನೋಡಿ. ಜಾಗ ಬಿಡುವಾಗ ಗಾಳಿ ಹೋಗುವ ಕಡೆಗೆ 200-300 ಗಜ ದೂರದಲ್ಲಿ ಅರ್ಧ ಸುತ್ತು ನಡೆದು ಬನ್ನಿ. ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಅದೇ ಲಾಗ್ ಫೈಲ್. ಕಯೋಟಿಯ ಹೆಜ್ಜೆ ನಾಯಿಯದಕ್ಕಿಂತ ಕಿರಿದು, ಸಾಲು ನೇರ. ಆ ಸಾಲು ಒಂದು ಕಡೆ ತಟ್ಟನೆ ತಿರುಗಿ, ಹೆಜ್ಜೆಗಳ ನಡುವಿನ ಅಂತರ ದೊಡ್ಡದಾಗಿದ್ದರೆ ಅಲ್ಲೇ ಅದಕ್ಕೆ ನಿಮ್ಮ ವಾಸನೆ ಸಿಕ್ಕಿದೆ ಅಂತ ಲೆಕ್ಕ. ಹೊಸ ಹಿಮ ಬಿದ್ದ ಮಾರನೆಯ ದಿನವಂತೂ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ.

ಮುಂದಿನ ಸಲ ಗಾಳಿ ಪಕ್ಕದಿಂದ ಬರುವಂತೆ ಕೂರಿ. ಪಶ್ಚಿಮದ ಗಾಳಿ ಇದ್ದರೆ ಉತ್ತರಕ್ಕೆ ಮುಖ, ಚಳಿಗಾಲದ ಬೆಳಗಿನ ಬಿಸಿಲೂ ಕಣ್ಣಿಗೆ ಹೊಡೆಯುವುದಿಲ್ಲ. ಸ್ಪೀಕರ್ ಎಡಕ್ಕೆ, ಗಾಳಿ ಬರುವ ಕಡೆಗೆ, 40-50 ಗಜ. ಕಯೋಟಿ ಆ ಸ್ಪೀಕರಿನ ವಾಸನೆ ಹಿಡಿಯಲು ಸುತ್ತು ಹಾಕಿದರೆ ನಿಮ್ಮ ಎದುರಿನ ಬಯಲನ್ನೇ ಹಾಯಬೇಕು. ನಿಮ್ಮ ವಾಸನೆ ಸಿಗುವ ಮುಂಚೆ ಅದು ನಿಮಗೆ ಕಾಣುತ್ತದೆ. ಮೂವರಲ್ಲಿ ಒಬ್ಬರು ಬಲತುದಿಯಲ್ಲಿ ಕೂತು ಗಾಳಿ ಹೋಗುವ ಕಡೆ ಮಾತ್ರ ನೋಡಲಿ. ಯಾರು ಯಾವ ದಿಕ್ಕಿಗೆ ಹೊಡೆಯಬೇಕು, ಎಲ್ಲಿಗೆ ನಿಲ್ಲಿಸಬೇಕು ಅಂತ ಕೂರುವ ಮುಂಚೆಯೇ ಮಾತಾಡಿಕೊಳ್ಳಿ. ಆ ಗೆರೆ ದಾಟಿದರೆ ಕಯೋಟಿ ಹೋಗಲಿ ಬಿಡಿ, ಬಂದೂಕು ತಿರುಗಿಸಬೇಡಿ.

ಇನ್ನುಳಿದದ್ದು: ಗಾಡಿಯನ್ನು ದಿಬ್ಬದ ಮರೆಯಲ್ಲಿ ಬಿಡಿ, ಬಾಗಿಲು ದಬಾರ್ ಅನ್ನಿಸಬೇಡಿ. ಗಾಳಿಯಿಲ್ಲದ ಕೊರೆಯುವ ಬೆಳಿಗ್ಗೆ ಹಿಮದ ಮೇಲಿನ ಹೆಜ್ಜೆ ಸದ್ದೂ ತುಂಬಾ ದೂರ ಹೋಗುತ್ತದೆ. ಕನಿಷ್ಠ 15-20 ನಿಮಿಷ ಕೂರಿ. ಮೊದಲು ಸಣ್ಣ ದನಿ, ಹತ್ತಿರದ ಪೊದೆಯಲ್ಲೇ ಒಂದು ಮಲಗಿರಬಹುದು. ಜನವರಿ ಕೊನೆ, ಫೆಬ್ರವರಿ ಅವು ಜೋಡಿಯಾಗುವ ಕಾಲ, ಹಾಗಾಗಿ ಊಳಿನಿಂದ ಶುರು ಮಾಡಿದರೆ ಒಳ್ಳೆಯದು.

ಚಳಿಜ್ವರ:

ಉಳಿದದ್ದೆಲ್ಲ ಒಪ್ಪುತ್ತೇನೆ, ಊಳಿನ ಮಾತು ಬಿಟ್ಟು. ಹೊಸಬರು ಸವಾಲು ಹಾಕುವಂಥ ಊಳು ಹಾಕಿದರೆ ಎಳೆಯ ಕಯೋಟಿ ಬಾಲ ಮಡಚಿಕೊಂಡು ಹೋಗುತ್ತದೆ. ಸುಮ್ನೆ ಇಲಿಯ ಕೀಚಲು, ಮೊಲದ ಚೀರಾಟ ಸಾಕು.

ಬಯಲುಗಾಳಿ:

ನಾನು ಹೇಳಿದ್ದು ಒಂಟಿ ಕಯೋಟಿಯ ಸಾದಾ ಊಳು. ಒಂದೆರಡು ಸಲ ಊಳಿಟ್ಟು ಸುಮ್ಮನಿರಬೇಕು. ಸವಾಲಿನದು ನನಗೂ ಬೇಡ.

ಗೋಣಿಕೊಪ್ಪ:

ರೈಫಲ್ ವಿಷಯ ನಾನು ಹೇಳುತ್ತೇನೆ. ಊರಿನಲ್ಲಿ ಮಳೆ ಜಾಸ್ತಿ, ಕೋವಿಗೆ ಧಾರಾಳವಾಗಿ ಎಣ್ಣೆ ಹಚ್ಚುವುದೇ ರೂಢಿ. ಇಲ್ಲಿ ಮೊಂಟಾನಾದ ಚಳಿಯಲ್ಲಿ ಅದೇ ಎಣ್ಣೆ ಮುಳುವು. ಬೋಲ್ಟಿನೊಳಗಿನ (ತೋಟಾದ ಹಿಂದೆ ಮುಚ್ಚಿಕೊಳ್ಳುವ ಭಾಗ) ಎಣ್ಣೆ ಮಂದವಾಗಿ, ಪ್ರೈಮರಿಗೆ ಹೊಡೆಯುವ ಫೈರಿಂಗ್ ಪಿನ್ ನಿಧಾನವಾಗುತ್ತದೆ, ಪ್ರೈಮರಿಗೆ ಬೀಳುವ ಏಟು ಸಾಲುವುದಿಲ್ಲ. ನೀವು ಕಂಡ ಸಣ್ಣ ಗುಳಿ ಅದೇ. ಬೋಲ್ಟ್ ಬಿಚ್ಚಿ ಹಳೆಯ ಎಣ್ಣೆ ಪೂರ್ತಿ ತೊಳೆದು, ಗ್ರಾಫೈಟ್‌ನಂಥ ಒಣ ಲೂಬ್ರಿಕಂಟ್ ಹಾಕಿ. ಅಷ್ಟಾದರೂ 'ಟಿಕ್' ಅಂದರೆ ತಕ್ಷಣ ಬೋಲ್ಟ್ ತೆಗೆಯಬೇಡಿ. ನಳಿಗೆಯನ್ನು ಅಪಾಯವಿಲ್ಲದ ಕಡೆಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವುದೂ ಉಂಟು.

ಇನ್ನೊಂದು. ಮಧ್ಯಾಹ್ನ ಊಟಕ್ಕೆ ಬಂದಾಗ ರೈಫಲನ್ನು ಬೆಚ್ಚಗಿನ ಮನೆಯೊಳಗೆ ತಂದರೆ ಅದರ ಮೇಲೆಲ್ಲ ನೀರು ಕೂರುತ್ತದೆ. ಮತ್ತೆ ಹೊರಗೆ ಒಯ್ದರೆ ಅದೇ ನೀರು ಒಳಗೆಲ್ಲ ಐಸ್ ಆಗುತ್ತದೆ. ತೋಟಾ ತೆಗೆದು, ಬೀಗ ಹಾಕಿ, ತಣ್ಣಗಿನ ಜಾಗದಲ್ಲೇ ಇಡಿ. ನಳಿಗೆಯ ಬಾಯಿಗೆ ಹಿಮ ಹೋಗದಂತೆ ಒಂದು ತುಂಡು ಟೇಪ್ ಅಂಟಿಸಿ.

ಹೊಸಬ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಮಿನ್ನೆಸೋಟಾದಲ್ಲಿದ್ದೇನೆ, ಎಚ್-1ಬಿ ವೀಸಾ. ಇಲ್ಲಿಯ ನಿವಾಸಿಗಳಿಗೆ ಕಯೋಟಿ ಬೇಟೆಗೆ ಲೈಸೆನ್ಸ್ ಬೇಡ ಅಂತ ಗೆಳೆಯರು ಹೇಳುತ್ತಾರೆ. ಅವರ ಬಂದೂಕು ತೆಗೆದುಕೊಂಡು ಹೋಗಬಹುದಾ?

ಬಯಲುಗಾಳಿ:

ಬೇಡ ತಮ್ಮಾ, ಸ್ವಲ್ಪ ನಿಲ್ಲು. ರಾಜ್ಯದ ನಿಯಮ ಬೇರೆ, ಅಮೆರಿಕದ ಫೆಡರಲ್ ಕಾನೂನು ಬೇರೆ. ಎಚ್-1ಬಿಯಂಥ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಗೆಳೆಯನದನ್ನು ಕೈಯಲ್ಲಿ ಹಿಡಿದರೂ ಅದೇ. ಇದಕ್ಕಿರುವ ವಿನಾಯಿತಿಗಳಲ್ಲಿ ನಿನಗೆ ಒದಗುವುದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಕಯೋಟಿಗೆ ಲೈಸೆನ್ಸ್ ಬೇಡದಿದ್ದರೂ ನಿನಗೆ ಅದು ಬೇಕು. ಮಿನ್ನೆಸೋಟಾದಲ್ಲಿ 1979ರ ಡಿಸೆಂಬರ್ 31ರ ನಂತರ ಹುಟ್ಟಿದವರು ಅದಕ್ಕೆ ಮುಂಚೆ ಬೇಟೆ ಸುರಕ್ಷತೆಯ ತರಬೇತಿ ಮುಗಿಸಬೇಕು. ವಕೀಲರನ್ನೂ ಒಂದು ಮಾತು ಕೇಳು, ವೀಸಾ ವಿಷಯದಲ್ಲಿ ಊಹೆ ಬೇಡ. ಅಲ್ಲಿಯವರೆಗೆ ಬರಿಗೈಯಲ್ಲಿ ಜೊತೆಗೆ ಹೋಗಿ ಸ್ಪೀಕರ್ ನೋಡಿಕೋ. ಹೊಲಕ್ಕೆ ಕಾಲಿಡುವ ಮುಂಚೆ ಯಜಮಾನರನ್ನು ಕೇಳಬೇಕು, ಬೋರ್ಡ್ ಇರಲಿ ಬಿಡಲಿ.

ತುಂಗಾತೀರ:

ಅದೇ ಜಮೀನಿಗೆ ಮತ್ತೆ ಹೋಗಿ ಬಂದೆವು. ಬಯಲುಗಾಳಿ ಅಣ್ಣ ಹೇಳಿದಂತೆ ಮೊದಲು ಹಳೆಯ ಜಾಗದ ಹಿಂದೆ ನಡೆದು ನೋಡಿದೆವು. ಮರದ ಸಾಲಿನ ಆಚೆ ಹಳ್ಳದಿಂದ ಹೆಜ್ಜೆ ಸಾಲು ಬಂದಿತ್ತು. ನಾವು ಕೂತಿದ್ದ ಕಡೆಯಿಂದ 60-70 ಗಜದಲ್ಲಿ ತಿರುಗಿ ಓಡಿದೆ! ನಡುವೆ ಹಿಮ ಬಿದ್ದಿರಲಿಲ್ಲ, ಅದೇ ದಿನದ್ದು ಅಂತ ಖಚಿತವಾಗಿ ಹೇಳಲಾರೆ, ಆದರೆ ಗೆಳೆಯರಿಬ್ಬರೂ ವಾದ ನಿಲ್ಲಿಸಿದರು. ಆಮೇಲೆ ಗಾಳಿ ಪಕ್ಕಕ್ಕೆ ಬರುವಂತೆ ಕೂತೆವು. ಬಲತುದಿಯವನ ಮುಂದೆ ಒಂದು ಕಯೋಟಿ ಬಂತು, 80 ಗಜದೊಳಗೆ. ರೈಫಲ್ ಈ ಸಲ ಕೈ ಕೊಡಲಿಲ್ಲ. ಕೊರಳಿನ ಪೀಪಿಗಳೂ ಕೊನೆಯವರೆಗೆ ಕೂಗಿದವು.

ಉಳಿದದ್ದು ಒಂದೇ. ಸ್ಪೀಕರಿನ ರಿಮೋಟ್ ಅರ್ಧ ಗಂಟೆಗೆ ಸತ್ತಂತಾಗುತ್ತದೆ. ಹೊಸ ಆಲ್ಕಲೈನ್ ಸೆಲ್ಲುಗಳೇ. ಮನೆಗೆ ತಂದರೆ ಮತ್ತೆ ಸರಿ.

ಚಳಿಜ್ವರ:

ರಿಮೋಟ್ ಕೆಟ್ಟಿಲ್ಲ. ಚಳಿಯಲ್ಲಿ ಆಲ್ಕಲೈನ್ ಸೆಲ್ ಹೀಗೇ ಸೋಲುತ್ತದೆ. ಒಮ್ಮೆ ಬಳಸಿ ಎಸೆಯುವ ಲಿಥಿಯಂ ಎಎ ಸೆಲ್ ಹಾಕಿ, ಅದು ಮೈನಸ್ 40ರವರೆಗೂ ಕೆಲಸ ಮಾಡುತ್ತದೆ. ನಿಮ್ಮ ರಿಮೋಟಿಗೆ ಆ ಸೆಲ್ ಆಗುತ್ತದಾ ಅಂತ ಕೈಪಿಡಿಯಲ್ಲಿ ನೋಡಿಕೊಳ್ಳಿ. ರಿಮೋಟ್ ಅಂಗಿಯ ಒಳಜೇಬಿನಲ್ಲಿರಲಿ. ಸ್ಪೀಕರಿನಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಇದ್ದರೆ ಹೊರಗಿನಿಂದ ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಒಳಗೇ ಹಾಳಾಗುತ್ತದೆ. ಮನೆಯೊಳಗೆ ಬೆಚ್ಚಗಾಗಲು ಒಂದೆರಡು ಗಂಟೆ ಬಿಡಿ. ಚಳಿಗೆ ರಿಮೋಟಿನ ಡಿಸ್‌ಪ್ಲೇ ಕೂಡ ನಿಧಾನವಾಗುತ್ತದೆ, ಕಾಣಲಿಲ್ಲ ಅಂತ ಬಟನ್ ಮತ್ತೆ ಮತ್ತೆ ಒತ್ತಬೇಡಿ.