ಹಳೆಯ ಪಿಕಪ್‌ಗೆ ದಪ್ಪ ಎಕ್ಸಾಸ್ಟ್ ಪೈಪ್ ಹಾಕಿದರೆ ಪವರ್ ಬರುತ್ತಾ?

ಪ್ರಶ್ನೆ:
ನನ್ನದು ಹಳೆಯ ಪೆಟ್ರೋಲ್ ಪಿಕಪ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಲೋಡ್ ಹಾಕಿ ಏರು ಹತ್ತಿಸುವಾಗ ಉಸಿರು ಕಟ್ಟಿದ ಹಾಗೆ ಆಡುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಸ್ಪೀಡ್ ಏರುವುದಿಲ್ಲ. 3 ಇಂಚಿನ ಎಕ್ಸಾಸ್ಟ್ ಪೈಪ್ ಹಾಕಿಸೋಣ ಅಂತಿದ್ದೇನೆ. ಪ್ರಯೋಜನ ಇದೆಯಾ?

ಉತ್ತರ 1:
3 ಇಂಚು ಬೇಡ ಸರ್. ಟರ್ಬೊ ಇಲ್ಲದ ಚಿಕ್ಕ ಎಂಜಿನ್‌ಗೆ ಪೈಪ್ ಅತಿ ದಪ್ಪ ಆದರೆ ಹೊಗೆ ಹೊರಹೋಗುವ ವೇಗ ಕಮ್ಮಿಯಾಗಿ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಇನ್ನೂ ಬೀಳಬಹುದು, ಲೋಡ್ ಹೊರುವ ಗಾಡಿಗೆ ಬೇಕಾಗಿರುವುದೇ ಆ ಎಳೆತ ಅಲ್ವಾ? ಮೊದಲು ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಒಂದು ಸಿಲಿಂಡರ್ ಮಾತ್ರ ತುಂಬಾ ಕಮ್ಮಿ ತೋರಿಸಿದರೆ ವಾಲ್ವ್, ರಿಂಗ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಆಗ ಯಾವ ಪೈಪ್ ಹಾಕಿದರೂ ಸುಮ್ನೆ ದುಡ್ಡು ದಂಡ.

ಉತ್ತರ 2:
ನನಗೆ ಕ್ಯಾಟಲಿಟಿಕ್ ಕನ್ವರ್ಟರ್ (ಎಕ್ಸಾಸ್ಟ್‌ನಲ್ಲಿ ಹೊಗೆಯ ವಿಷ ಕಮ್ಮಿ ಮಾಡುವ ಭಾಗ) ಮೇಲೆ ಅನುಮಾನ. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ವ್ಯಾಕ್ಯೂಮ್ ಗೇಜ್ ಹಾಕಿ, ಎಂಜಿನ್ ಅನ್ನು 2500 ಆರ್‌ಪಿಎಂನಲ್ಲಿ ಹಿಡಿದು ನೋಡಿ. ಮುಳ್ಳು ಒಂದು ಕಡೆ ನಿಲ್ಲದೆ ಮೆಲ್ಲಗೆ ಇಳಿಯುತ್ತಾ ಹೋದರೆ ಎಕ್ಸಾಸ್ಟ್ ಎಲ್ಲೋ ಕಟ್ಟಿಕೊಂಡಿರಬಹುದು. ಹಾಗಂತ ಕನ್ವರ್ಟರ್ ಕಿತ್ತು ಬರೀ ಪೈಪ್ ಬೆಸೆಯಬೇಡಿ, ಕಾರ್ಬನ್ ಮೊನಾಕ್ಸೈಡ್‌ನಂಥ ವಿಷದ ಗಾಳಿ ಜಾಸ್ತಿ ಆಗುತ್ತದೆ. ಹೊಸದನ್ನೇ ಹಾಕಿಸಿ. ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಇದ್ದರೆ ಮೊದಲು ಅದನ್ನು ಸರಿಮಾಡಿಸಿ, ಇಲ್ಲದಿದ್ದರೆ ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ, ಅಲ್ಲೇ ಉರಿದು, ಹೊಸದೂ ಹಾಳಾಗುತ್ತದೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಪ್ಲಗ್, ಏರ್ ಫಿಲ್ಟರ್ ಎರಡೂ ಹೊಸದು. ಫ್ಯೂಯಲ್ ಫಿಲ್ಟರ್ ಮಾತ್ರ ಹಳೆಯದೇ ಇದೆ.

ಉತ್ತರ 3:
ಹಾಗಾದರೆ ಅಲ್ಲಿಂದಲೇ ಶುರು ಮಾಡಿ, ಅದು ಎಲ್ಲಕ್ಕಿಂತ ಅಗ್ಗದ ಕೆಲಸ. ಬದಲಾಯಿಸಿದ ಮೇಲೂ ಏರಿನಲ್ಲಿ ಹಾಗೇ ಆಡಿದರೆ ಫ್ಯೂಯಲ್ ಪ್ರೆಶರ್ ಚೆಕ್ ಮಾಡಿಸಿ, ಐಡಲ್‌ನಲ್ಲಿ ಅಲ್ಲ, ಲೋಡ್ ಬಿದ್ದಾಗ.