ವಿಂಡೋಸ್ ಎಕ್ಸ್‌ಪಿ ಕಾಲದ ಬ್ಯಾಕಪ್ ವಾಪಸ್ ತೆಗೆಯುವುದು: ಪ್ರಶ್ನೆ ಕೇಳಿ

ಟೆಕ್ನಿಷಿಯನ್: ಡೇಟಾ ರಿಕವರಿ ನನ್ನ ಕೆಲಸ. ಹಳೇ ವಿಂಡೋಸ್‌ನ ಬ್ಯಾಕಪ್ ತೆರೆಯಲು ಆಗದಿದ್ದರೆ ಇಲ್ಲಿ ಕೇಳಿ. ಯಾವ ವಿಂಡೋಸ್, ಫೈಲ್ ಹೆಸರಿನ ಕೊನೆಯಲ್ಲಿ ಏನಿದೆ, ಎಷ್ಟು ಜಿಬಿ ಅಂತ ಬರೆಯಿರಿ.

ಹಾಸನದ ಟೀಚರ್: ನಮಸ್ಕಾರ ಸರ್. 2006ರ ಬ್ಯಾಕಪ್ ಇದೆ, ಕೊನೆಯಲ್ಲಿ ಬಿಕೆಎಫ್ ಅಂತಿದೆ, 2.8 ಜಿಬಿ. ವಿಂಡೋಸ್ 10 ಲ್ಯಾಪ್‌ಟಾಪ್‌ನಲ್ಲಿ ಯಾವ ಪ್ರೋಗ್ರಾಂನಿಂದ ತೆರೆಯಬೇಕು ಅಂತ ಕೇಳುತ್ತದೆ.

ಟೆಕ್ನಿಷಿಯನ್: ಮೇಡಂ, ಅದು ಎಕ್ಸ್‌ಪಿಯ ಬ್ಯಾಕಪ್ ಪ್ರೋಗ್ರಾಂ ಎನ್‌ಟಿಬ್ಯಾಕಪ್ ಮಾಡಿದ ಫೈಲ್. ಎಕ್ಸ್‌ಪಿ ನಂತರದ ವಿಂಡೋಸ್ ವಿಸ್ಟಾದಿಂದ ಆ ಪ್ರೋಗ್ರಾಂ ಕೈಬಿಟ್ಟರು. ಎಕ್ಸ್‌ಪಿ ಇರುವ ಮಷಿನ್ ಹುಡುಕಿ, ಅದಕ್ಕೆ ಇಂಟರ್‌ನೆಟ್ ಕೊಡಬೇಡಿ. ಸ್ಟಾರ್ಟ್ ಮೆನುವಿನ ರನ್‌ನಲ್ಲಿ ಎನ್‌ಟಿಬ್ಯಾಕಪ್ ಅಂತ ಟೈಪ್ ಮಾಡಿ, ಅಡ್ವಾನ್ಸ್ಡ್ ಮೋಡ್‌ಗೆ ಹೋಗಿ. ರಿಸ್ಟೋರ್ ಟ್ಯಾಬ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಕ್ಯಾಟಲಾಗ್ ಕೊಡಿ. ಎಲ್ಲಿಗೆ ಅಂತ ಕೇಳಿದಾಗ ಆಲ್ಟರ್ನೇಟ್ ಲೊಕೇಶನ್ ಆರಿಸಿ, ಖಾಲಿ ಫೋಲ್ಡರ್ ತೋರಿಸಿ. ಸಿಸ್ಟಂ ಸ್ಟೇಟ್, ಅಂದರೆ ಹಳೇ ವಿಂಡೋಸ್‌ನ ಸೆಟ್ಟಿಂಗ್‌ಗಳು, ಟಿಕ್ ಮಾಡಲೇಬೇಡಿ. ಎಕ್ಸ್‌ಪಿ ಹೋಂ ಆದರೆ ಈ ಪ್ರೋಗ್ರಾಂ ತಾನಾಗಿ ಇರುವುದಿಲ್ಲ. ಸಿಡಿಯ ವ್ಯಾಲ್ಯೂಆಡ್ ಫೋಲ್ಡರ್‌ನಿಂದ ಹಾಕಿಕೊಳ್ಳಬೇಕು.

ತುಮಕೂರಿನ ಸದಸ್ಯ: ಸರ್, ಬಿಕೆಎಫ್ ಹೇಗೆ ಓಪನ್ ಮಾಡುವುದು?

ಟೆಕ್ನಿಷಿಯನ್: ಮೇಲೆ ಬರೆದಿದ್ದೇನೆ, ಓದಿ.

ಕೋಲಾರದ ಸದಸ್ಯ: ವಿಂಡೋಸ್ 98ರ ಬ್ಯಾಕಪ್, ಕೊನೆಯಲ್ಲಿ ಕ್ಯೂಐಸಿ ಅಂತಿದೆ. ಎಕ್ಸ್‌ಪಿಯಲ್ಲಿ ತೆರೆಯುತ್ತಾ?

ಮಂಡ್ಯದ ಸದಸ್ಯ: ನನಗೆ ಬಂದ ಫಾರ್ವರ್ಡ್, ಎಲ್ಲರಿಗೂ ಉಪಯೋಗ ಆಗಲಿ: "ಬಿಕೆಎಫ್ ಫೈಲ್‌ನ ಹೆಸರಿನ ಕೊನೆಯಲ್ಲಿ ಜಿಪ್ ಅಂತ ಬದಲಿಸಿ, ತಕ್ಷಣ ತೆರೆಯುತ್ತದೆ."

ಟೆಕ್ನಿಷಿಯನ್: ತೆರೆಯುವುದಿಲ್ಲ. ಹೆಸರು ಬದಲಿಸಿದರೆ ಒಳಗಿರುವುದು ಬದಲಾಗುತ್ತದಾ? ಬಿಕೆಎಫ್ ಟೇಪ್ ಡ್ರೈವ್‌ಗಳಿಗಾಗಿ ಮಾಡಿದ ಜೋಡಣೆ, ಜಿಪ್‌ಗೂ ಅದಕ್ಕೂ ಸಂಬಂಧವಿಲ್ಲ. ವಿಂಡೋಸ್ 7ರ ಬ್ಯಾಕಪ್ ಫೋಲ್ಡರ್ ಒಳಗೆ ನಿಜವಾದ ಜಿಪ್ ಫೈಲ್‌ಗಳೇ ಇರುತ್ತವೆ, ಅವನ್ನು ನೇರವಾಗಿ ತೆರೆಯಬಹುದು. ಎರಡನ್ನೂ ಕಲಸಬೇಡಿ. ಇಂಥ ಫಾರ್ವರ್ಡ್ ನಂಬಿ ಒಂದೇ ಪ್ರತಿ ಇರುವ ಫೈಲ್ ಮೇಲೆ ಕೈ ಇಡುತ್ತಾರೆ, ಆಮೇಲೆ ಅಳುತ್ತಾ ಬರುತ್ತಾರೆ.

ಶಿರಸಿಯ ಸದಸ್ಯ: ನಮ್ಮ ದೊಡ್ಡಪ್ಪ ಬರೆದ ಯಕ್ಷಗಾನ ಪ್ರಸಂಗಗಳು, ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದು. ಅವರು ಈಗಿಲ್ಲ. ಬಿಕೆಎಫ್ ಇತ್ತು, ಗೆಳೆಯನ ಎಕ್ಸ್‌ಪಿ ಮಷಿನ್‌ನಲ್ಲಿ ರಿಸ್ಟೋರ್ ಆಯಿತು. ಆದರೆ ಫೈಲ್‌ಗಳ ಹೆಸರು ಹಸಿರು ಬಣ್ಣದಲ್ಲಿದೆ, ತೆರೆದರೆ ಆಕ್ಸೆಸ್ ಡಿನೈಡ್ ಬರುತ್ತದೆ. ದೊಡ್ಡಪ್ಪನ ಎಕ್ಸ್‌ಪಿ ಪ್ರೊಫೆಷನಲ್ ಮಷಿನ್ ಅಂಗಡಿಗೆ ಕೊಟ್ಟಿದ್ದೇನೆ. ಪಾಸ್‌ವರ್ಡ್ ಗೊತ್ತಿಲ್ಲ. ನಾಳೆ ಪಾಸ್‌ವರ್ಡ್ ತೆಗೆದು, ಫಾರ್ಮ್ಯಾಟ್ ಮಾಡಿ ಹೊಸದಾಗಿ ಎಕ್ಸ್‌ಪಿ ಹಾಕಿಕೊಡುತ್ತಾರಂತೆ. ಆಮೇಲೆ ಅದರಲ್ಲೇ ರಿಸ್ಟೋರ್ ಮಾಡಿದರೆ ಸರಿಹೋಗುತ್ತಾ?

ಟೆಕ್ನಿಷಿಯನ್: ಈಗಲೇ ಅಂಗಡಿಗೆ ಫೋನ್ ಮಾಡಿ ನಿಲ್ಲಿಸಿ. ಮೊದಲು ಫೋನ್, ಆಮೇಲೆ ಉಳಿದದ್ದು ಓದಿ.

ಹಸಿರು ಹೆಸರು ಅಂದರೆ ದೊಡ್ಡಪ್ಪ ಆ ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡಿದ್ದಾರೆ, ಬೇರೆಯವರು ಓದದಂತೆ ಬೀಗ ಹಾಕಿದ್ದಾರೆ. ಎನ್‌ಟಿಬ್ಯಾಕಪ್ ಅದನ್ನು ಬಿಚ್ಚುವುದಿಲ್ಲ, ಬೀಗ ಹಾಕಿದ ಹಾಗೇ ಪ್ಯಾಕ್ ಮಾಡುತ್ತದೆ. ಕೀಲಿ ಇರುವುದು ಹಳೇ ಮಷಿನ್‌ನ ಸಿ ಡ್ರೈವ್‌ನಲ್ಲಿ, ಅವರ ಯೂಸರ್ ಫೋಲ್ಡರ್ ಒಳಗೆ. ಫಾರ್ಮ್ಯಾಟ್ ಮಾಡಿದರೆ ಅದು ಹೋಯಿತು. ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಹೊಸ ಅಕೌಂಟ್ ಮಾಡಿದರೂ ಹಳೇ ಕೀಲಿ ಬರುವುದಿಲ್ಲ. ಟೇಕ್ ಓನರ್‌ಶಿಪ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಫೈಲ್ ನಿಮ್ಮ ಹೆಸರಿಗೆ ಬರುತ್ತದೆ ಅಷ್ಟೇ, ಬೀಗ ತೆಗೆಯುವುದಿಲ್ಲ.

ಪಾಸ್‌ವರ್ಡ್ ಅಳಿಸುವ ಸಿಡಿಯೂ ಬೇಡ. ಎಕ್ಸ್‌ಪಿಯಲ್ಲಿ ಆ ಕೀಲಿಯನ್ನು ಕಾಯುವುದೇ ಅವರ ಪಾಸ್‌ವರ್ಡ್. ಹೊರಗಿನಿಂದ ಅಳಿಸಿದರೆ ಲಾಗಿನ್ ಆಗುತ್ತದೆ, ಫೈಲ್ ತೆರೆಯುವುದಿಲ್ಲ.

ಮಷಿನ್ ವಾಪಸ್ ತನ್ನಿ. ಹಾರ್ಡ್ ಡಿಸ್ಕ್ ಬಿಚ್ಚಿ ಪೂರ್ತಿ ಡಿಸ್ಕ್‌ನ ಕಾಪಿ ಮಾಡಿಸಿ, ಫೈಲ್‌ಗಳನ್ನಷ್ಟೇ ಅಲ್ಲ. ಆಮೇಲೆ ಆನ್ ಮಾಡಿ. ವೆಲ್‌ಕಮ್ ಸ್ಕ್ರೀನ್‌ನಲ್ಲಿ ಅವರ ಹೆಸರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆಯ ಬಟನ್ ಇದ್ದರೆ ಒತ್ತಿ, ಅವರೇ ಬರೆದಿಟ್ಟ ಸುಳಿವು ಕಾಣುತ್ತದೆ. ಮೇಜಿನ ಖಾನೆ, ಡೈರಿ, ಪಾಸ್‌ವರ್ಡ್ ರಿಸೆಟ್ ಅಂತ ಬರೆದ ಫ್ಲಾಪಿ, ಎಲ್ಲಾ ಹುಡುಕಿ. ದೊಡ್ಡಮ್ಮನನ್ನೂ ಕೇಳಿ. ಲಾಗಿನ್ ಆದರೆ ರನ್‌ನಲ್ಲಿ ಸರ್ಟ್‌ಎಂಜಿಆರ್ ಡಾಟ್ ಎಂಎಸ್‌ಸಿ ಅಂತ ಕೊಟ್ಟು ತೆರೆದು, ಪರ್ಸನಲ್ ಕೆಳಗಿನ ಸರ್ಟಿಫಿಕೇಟ್ ಅನ್ನು ಪ್ರೈವೇಟ್ ಕೀ ಸಮೇತ ಎಕ್ಸ್‌ಪೋರ್ಟ್ ಮಾಡಿ. ಕೀಲಿ ಇರುವ ಪಿಎಫ್‌ಎಕ್ಸ್ ಫೈಲ್ ಸಿಗುತ್ತದೆ. ಅದನ್ನು ಗೆಳೆಯನ ಮಷಿನ್‌ನಲ್ಲಿ ಇಂಪೋರ್ಟ್ ಮಾಡಿದರೆ ಹಸಿರು ಫೈಲ್‌ಗಳು ತೆರೆಯುತ್ತವೆ.

ಮೈಸೂರಿನ ಡಿಟಿಪಿಯವರು: ತೆರೆದ ಮೇಲೂ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತದೆ. ಹಳೇ ನುಡಿ ಫಾಂಟ್ ಹಾಕಿ.

ಬೆಂಗಳೂರಿನ ಸದಸ್ಯ: ಈಗಲೂ ನುಡಿ ಫಾಂಟ್ ಯಾಕೆ? ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟ್ ಇತ್ತು. ಅಂದೇ ಯೂನಿಕೋಡ್‌ಗೆ ಬಂದಿದ್ದರೆ ಈ ಗೋಳು ಇರುತ್ತಿರಲಿಲ್ಲ.

ಮೈಸೂರಿನ ಡಿಟಿಪಿಯವರು: ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಕನ್ನಡ ಬರುತ್ತಿತ್ತಾ? ಪ್ರೆಸ್ಸಿನಲ್ಲಿ ಕೂತು ಪುಟ ಕಟ್ಟಿ ಆಮೇಲೆ ಮಾತಾಡಿ.

ಬೆಂಗಳೂರಿನ ಸದಸ್ಯ: ನಿಮ್ಮಂಥವರಿಂದಲೇ ಇಷ್ಟೊಂದು ಕನ್ನಡ ಬರಹ ಹುಡುಕಲೂ ಸಿಗದೆ ಕೂತಿರುವುದು.

ಟೆಕ್ನಿಷಿಯನ್: ಮೊದಲು ಫೈಲ್ ತೆರೆಯಲಿ. ಮೂಲವನ್ನು ಹಾಗೇ ಇಟ್ಟು ಇನ್ನೊಂದು ಪ್ರತಿಯನ್ನು ಯೂನಿಕೋಡ್‌ಗೆ ಬದಲಿಸಲಿ. ನಿಮ್ಮ ಜಗಳ ಬೇರೆ ಕಡೆ ಮಾಡಿ.

ದಾವಣಗೆರೆಯ ಸದಸ್ಯ: ನನ್ನ ಬಿಕೆಎಫ್ ಸರಿಯಾಗಿ 4 ಜಿಬಿಗೆ ನಿಂತಿದೆ. ಕ್ಯಾಟಲಾಗ್ ಎರರ್ ಬರುತ್ತದೆ.

ಟೆಕ್ನಿಷಿಯನ್: ಫ್ಯಾಟ್32 ಎಂಬ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ಗೆ ಬ್ಯಾಕಪ್ ತೆಗೆದಿದ್ದೀರಿ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ, ಬಾಲ ಕತ್ತರಿಸಿದೆ. ಟೂಲ್ಸ್, ಆಪ್ಷನ್ಸ್, ಜನರಲ್‌ನಲ್ಲಿ ಮೀಡಿಯಾದ ಕ್ಯಾಟಲಾಗ್ ಬಳಸುವ ಟಿಕ್ ತೆಗೆದು ನೋಡಿ. ಕತ್ತರಿಸುವ ಮೊದಲಿನ ಭಾಗ ಸಿಗಬಹುದು.

ತುಮಕೂರಿನ ಸದಸ್ಯ: ಓದಿದೆ ಸರ್, ಅರ್ಥ ಆಗಲಿಲ್ಲ. ಸುಮ್ನೆ ಒಂದು ಸಾಫ್ಟ್‌ವೇರ್ ಲಿಂಕ್ ಕೊಡಿ.

ಟೆಕ್ನಿಷಿಯನ್: ಕೊಡುವುದಿಲ್ಲ.

ತುಮಕೂರಿನ ಸದಸ್ಯ: ಇಷ್ಟು ಸಿಡುಕುವುದಾದರೆ ಕೇಳಿ ಅಂತ ಯಾಕೆ ಹಾಕಿದಿರಿ?

ಶಿರಸಿಯ ಸದಸ್ಯ: ಸರ್, ಫೋನ್ ಮಾಡಿದೆ. ಇನ್ನೂ ಕೈ ಹಾಕಿಲ್ಲವಂತೆ. ತರಲು ಹೊರಟಿದ್ದೇನೆ.

ಟೆಕ್ನಿಷಿಯನ್: ಒಳ್ಳೆಯದು. ದಾರಿಯಲ್ಲಿ ಮಷಿನ್ ಕುಲುಕದಂತೆ ನೋಡಿಕೊಳ್ಳಿ. ಡಿಸ್ಕ್ ಕಾಪಿ ಆಗುವವರೆಗೆ ಆನ್ ಮಾಡಬೇಡಿ. ಏನಾಯಿತು ಅಂತ ಇಲ್ಲೇ ಬರೆಯಿರಿ, ಎಷ್ಟು ಹೊತ್ತಾದರೂ ನೋಡುತ್ತೇನೆ.

ಕೋಲಾರದ ಸದಸ್ಯ: ಕ್ಯೂಐಸಿ ಫೈಲ್ ಬಗ್ಗೆ ನಾನೂ ಕೇಳಿದ್ದೆ. ಯಾರಾದರೂ ಹೇಳುತ್ತೀರಾ, ಇಲ್ಲವಾ?